ಹೊಸ ವಿಶೇಷ ಶಿಕ್ಷಕರಿಗೆ ಆನ್‌ಲೈನ್ ನೆರವು: ಯಾವುದರಿಂದ ಆರಂಭಿಸಬೇಕು?

ಪ್ರಶ್ನೆ: ವಿಶೇಷ ಅಗತ್ಯಗಳುಳ್ಳ ಮಕ್ಕಳಿಗೆ ಕಲಿಸಲು ನಮ್ಮ ಶಾಲೆಗೆ ಹೊಸದಾಗಿ ಸೇರಿರುವ ವಿಶೇಷ ಶಿಕ್ಷಕಿಗೆ ಮಾರ್ಗದರ್ಶನ ನೀಡಬಲ್ಲ ಅನುಭವಿಗಳು ಇಲ್ಲಿ ಯಾರೂ ಇಲ್ಲ. ಮಕ್ಕಳ ವೈಯಕ್ತಿಕ ಶಿಕ್ಷಣ ಯೋಜನೆಯನ್ನು (ಪ್ರತಿ ಮಗುವಿನ ಕಲಿಕೆಯ ಗುರಿ ಮತ್ತು ಅದಕ್ಕೆ ಬೇಕಾದ ನೆರವನ್ನು ದಾಖಲಿಸುವ ಬರಹ) ಬರೆಯಲು ಮತ್ತು ತರಗತಿಯಲ್ಲಿನ ಕಠಿಣ ವರ್ತನೆಯನ್ನು ನಿಭಾಯಿಸಲು ನೆರವಾಗುವ ಆನ್‌ಲೈನ್ ಸಾಧನಗಳನ್ನು ಬಲ್ಲವರು ದಯವಿಟ್ಟು ಸೂಚಿಸಬೇಕು.

ಉತ್ತರ 1: ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಐರಿಸ್ ಸೆಂಟರ್ ಉಚಿತವಾಗಿ ನೀಡುವ ಪಾಠಘಟಕಗಳಲ್ಲಿ ಈ ಎರಡೂ ವಿಷಯಗಳಿವೆ. ಯೋಜನೆಯ ಕುರಿತ ಭಾಗ ಅಲ್ಲಿನ ಕಾನೂನನ್ನು ಆಧರಿಸಿರುವುದರಿಂದ ಅದನ್ನು ನಿಮ್ಮ ನಿಯಮಗಳೊಂದಿಗೆ ಹೋಲಿಸಿ ಓದಬೇಕು. ವರ್ತನೆಯ ಭಾಗವಾದರೋ ಎಲ್ಲಿಯೂ ಉಪಯುಕ್ತ.

ಉತ್ತರ 2: ಪಾಠಘಟಕಗಳಷ್ಟೇ ಸಾಲವು ಎಂಬುದು ನನ್ನ ಅಭಿಪ್ರಾಯ. ಹೊಸಬರಿಗೆ ನಿಜವಾಗಿ ಬೇಕಾಗಿರುವುದು ತಮ್ಮ ಬೋಧನೆಯನ್ನು ಕಂಡು ಹೇಳುವವರು. ದೂರದಲ್ಲಿರುವ ಮಾರ್ಗದರ್ಶಕರು ವಿಡಿಯೋ ಕರೆಯ ಮೂಲಕ ತರಗತಿಯನ್ನು ವೀಕ್ಷಿಸುತ್ತ, ಶಿಕ್ಷಕಿಯ ಕಿವಿಯಲ್ಲಿರುವ ಇಯರ್‌ಫೋನಿಗೆ, ‘ಈಗ ಅವನನ್ನು ಮೆಚ್ಚಿ’, ‘ಉತ್ತರಕ್ಕೆ ಇನ್ನಷ್ಟು ಕಾಯಿರಿ’ ಎಂಬಂತಹ ಚುಟುಕು ಸೂಚನೆಗಳನ್ನು ಆ ಕ್ಷಣದಲ್ಲಿಯೇ ನೀಡುವ ಪದ್ಧತಿಯೊಂದಿದೆ. ಪಾಠ ಮುಗಿದ ಮೇಲೆ ಬರುವ ಉದ್ದನೆಯ ವರದಿಗಿಂತ ಇದು ಬೇಗ ಫಲ ನೀಡುತ್ತದೆ. ಮೊದಮೊದಲು ಮುಜುಗರವಾಗುವುದು ಸಹಜವೇ.

ಉತ್ತರ 3: ಒಂದು ಎಚ್ಚರಿಕೆ ಅಗತ್ಯ. ತರಗತಿಯನ್ನು ಚಿತ್ರೀಕರಿಸುವ ಅಥವಾ ನೇರವಾಗಿ ತೋರಿಸುವ ಮುನ್ನ ಪೋಷಕರ ಲಿಖಿತ ಒಪ್ಪಿಗೆಯನ್ನು ಪಡೆಯಿರಿ. ಮಗುವಿನ ಹೆಸರು, ರೋಗನಿರ್ಣಯದ ವಿವರಗಳನ್ನು ಚಾಟ್‌ಬಾಟ್‌ಗಳಿಗೆ ನೀಡಿ ಯೋಜನೆಯನ್ನು ಬರೆಸಿಕೊಳ್ಳುವುದಂತೂ ಸರ್ವಥಾ ಕೂಡದು.