ಸರ್ಕಾರವೇ ನಮ್ಮ ಕಡೆ ಇಲ್ಲದಾಗ ಸಂಘ ಕಟ್ಟಿ ಏನು ಸಿಗುತ್ತದೆ?

ಪ್ರಶ್ನೆ: ನಾನು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ಸಂಘದ ಮಾತೆತ್ತಿದರೆ ಸಾಕು, ಬೇರೆ ಲೈನಿಗೆ (ಹೊಲಿಗೆ ಮಷೀನ್ ಸಾಲಿಗೆ) ಹಾಕುತ್ತಾರೆ. ಕಾನೂನೂ ಮಾಲೀಕರ ಕಡೆಗೇ ವಾಲುತ್ತಿದೆ. ಹೀಗಿರುವಾಗ ಸಂಘದಿಂದ ಉಪಯೋಗ ಇದೆಯಾ?

ಉತ್ತರ 1: ಇದೆ ಅಕ್ಕಾ. 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಕೆಲಸ ಬಿಟ್ಟಾಗ ಮಕ್ಕಳ ಫೀಸು, ಮನೆ ಅಡ್ವಾನ್ಸು ನಡೆಯುವುದೇ ಆ ದುಡ್ಡಿನಲ್ಲಿ, ಅಲ್ವಾ? 18 ಮತ್ತು 19ರಂದು ಸಾವಿರಾರು ಹೆಂಗಸರು ಮಷೀನ್ ಬಿಟ್ಟು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು, ಲಾಠಿ ಏಟು ಬಿತ್ತು, ಆದರೂ ಸರಿಯಲಿಲ್ಲ, 19ರಂದೇ ಕೇಂದ್ರ ಆ ನಿಯಮವನ್ನು ವಾಪಸ್ ಪಡೆಯಿತು.

ಉತ್ತರ 2: ನಿಜ. ಆದರೆ ಅದು ಬಹುಪಾಲು ತಾನಾಗಿಯೇ ಎದ್ದ ಹೋರಾಟ. ಸಿಟ್ಟಿನಿಂದ ಒಂದು ನಿಯಮ ನಿಲ್ಲಿಸಬಹುದು, ವರ್ಷ ವರ್ಷ ಕೂಲಿ ಜಾಸ್ತಿ ಮಾಡಿಸಲು ಅಷ್ಟು ಸಾಲದು, ಅದಕ್ಕೆ ಸದಾ ಜೊತೆಗಿರುವ ಸಂಘ ಬೇಕು. ಪ್ರತಿ ಲೈನಿನಲ್ಲೂ ನಂಬುವಂಥ ಒಬ್ಬರನ್ನು ಹುಡುಕಿ. ಭಾನುವಾರ ಯಾರದ್ದಾದರೂ ಮನೆಯಲ್ಲಿ ಸೇರಿ.

ಉತ್ತರ 3: ಮ್ಯಾನೇಜರ್ ಹತ್ತಿರ ಒಬ್ಬರೇ ಹೋಗಬೇಡಿ. ಲೈನ್ ಬದಲಿಸಿದ ತಾರೀಖು, ಯಾರು ಹೇಳಿದರು, ಎಲ್ಲ ಬರೆದಿಡಿ. ಮುಂದೆ ದೂರು ಕೊಡುವಾಗ ಬೇಕಾಗುತ್ತದೆ.