ಬಿ. ಜಯಮ್ಮ ಅಂದರೆ ಬರೀ ಗುಬ್ಬಿ ಕಂಪನಿ ಮಾಲೀಕರ ಹೆಂಡತಿ ಅಂತಾನಾ?

ಹರಿಹರದ ಸೊಸೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮ ಮಹಿಳಾ ಸಂಘದವರು ಹೇಮರೆಡ್ಡಿ ಮಲ್ಲಮ್ಮನ ಜಯಂತಿ ಮಾಡುತ್ತಿದ್ದೇವೆ. ಮಲ್ಲಮ್ಮನ ಕಥೆ ಹೇಳುವುದಕ್ಕೆ ಬೇರೆಯವರಿದ್ದಾರೆ. 1945ರ ‘ಹೇಮರೆಡ್ಡಿ ಮಲ್ಲಮ್ಮ’ ಸಿನಿಮಾದಲ್ಲಿ ಮಲ್ಲಮ್ಮನಾಗಿದ್ದ ಬಿ. ಜಯಮ್ಮ ಅವರ ಬಗ್ಗೆ ಹತ್ತು ನಿಮಿಷ ಮಾತಾಡುವುದು ನನ್ನ ಪಾಲಿಗೆ ಬಂದಿದೆ. ಇದೆಲ್ಲ ನಮ್ಮತ್ತೆಯ ಕಿತಾಪತಿ. ಅವರು ಜಗಳೂರು ಕಡೆಯವರು. ಚಿಕ್ಕ ಹುಡುಗಿಯಾಗಿದ್ದಾಗ ಟೆಂಟಿನಲ್ಲಿ ಆ ಸಿನಿಮಾ ನೋಡಿದ್ದಾರಂತೆ. ಮಲ್ಲಮ್ಮನ ಹೆಸರೆತ್ತಿದರೆ ಅವರಿಗೆ ಇವತ್ತಿಗೂ ಜಯಮ್ಮನ ಮುಖವೇ ಕಾಣುವುದು.

ಆದರೆ ಸಂಘದ ಹಿರಿಯರೊಬ್ಬರು ಎಲ್ಲರೆದುರಿಗೇ, “ಗಂಡ ಗುಬ್ಬಿ ವೀರಣ್ಣ. ನಾಟಕ ಕಂಪನಿ ಮನೆಯದು, ಸಿನಿಮಾನೂ ಮನೆಯದು. ಪಾತ್ರ ಸಿಗದೇ ಇರುತ್ತಾ?” ಅಂದುಬಿಟ್ಟರು. ನನಗೆ ಬಾಯಿಗೆ ಏನೂ ಬರಲಿಲ್ಲ. ಅವರು ಹೇಳಿದ್ದು ನಿಜಾನಾ? ತಿಳಿದವರು ಸ್ವಲ್ಪ ಹೇಳಿ.

ದುರ್ಗದ ಬಂಡೆ

ಒಂದು ಲೆಕ್ಕಕ್ಕೆ ಆ ಹಿರಿಯರ ಮಾತು ಸುಳ್ಳೇನಲ್ಲ. ಜಯಮ್ಮನ ಚಿತ್ರಗಳ ಪಟ್ಟಿ ನೋಡಿ. 1931ರಲ್ಲಿ ‘ಹಿಸ್ ಲವ್ ಅಫೇರ್’ ಅನ್ನೋ ಮೂಕಿ ಚಿತ್ರ, ಜೊತೆಯಲ್ಲಿ ವೀರಣ್ಣನವರೇ. ಆಮೇಲೆ ‘ಸುಭದ್ರಾ’, ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’, 1953ರಲ್ಲಿ ‘ಗುಣಸಾಗರಿ’. ಎಲ್ಲಿ ನೋಡಿದರೂ ಗುಬ್ಬಿಯವರ ನಂಟು ಇದ್ದೇ ಇದೆ. ಸುಮ್ನೆ ಹೊಗಳಿ ಕೂರುವುದಕ್ಕಿಂತ ಇದನ್ನೂ ಹೇಳುವುದು ಒಳ್ಳೆಯದು ಅಲ್ವಾ?

ಪೆಟ್ಟಿಗೆ ಮಾಸ್ತರ್

ಬಂಡೆಯವರೇ, ಪಟ್ಟಿ ಸರಿ ಇದೆ. ಆದರೆ ಅರ್ಧ ಕೊಟ್ಟಿದ್ದೀರಿ.

ನಾನು ದಾವಣಗೆರೆ ಸುತ್ತಮುತ್ತ ಹಳ್ಳಿ ನಾಟಕಗಳಿಗೆ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ನುಡಿಸಿದವನು. ಜಯಮ್ಮನನ್ನು ರಂಗದ ಮೇಲೆ ನೋಡುವ ವಯಸ್ಸು ನನಗಿರಲಿಲ್ಲ. ಆದರೆ ಕಂಪನಿ ಅಂದರೆ ಏನು ಅಂತ ಗೊತ್ತು. ಮಾಲೀಕರ ಹೆಂಡತಿಯಾದರೆ ಬಣ್ಣ ಹಚ್ಚಿಕೊಳ್ಳಬಹುದು, ನಿಜ. ಆದರೆ ತಗಡಿನ ಥೇಟರಿನ ಕೊನೇ ಸಾಲಿನಲ್ಲಿ ನೆಲದ ಟಿಕೆಟ್ಟಿನವನು ಕೂತಿರುತ್ತಾನಲ್ಲ, ಅವನಿಗೆ ಮಾಲೀಕರೂ ಗೊತ್ತಿಲ್ಲ, ಅವರ ಹೆಂಡತಿಯೂ ಗೊತ್ತಿಲ್ಲ. ಮೈಕ್ ಇಲ್ಲದ ಕಾಲ. ಹಾಡು ಅವನ ಕಿವಿಗೆ ಮುಟ್ಟಬೇಕು. ಮುಟ್ಟಿದರೆ ಒನ್ಸ್ ಮೋರ್ ಅನ್ನುತ್ತಾನೆ, ಇಲ್ಲದಿದ್ದರೆ ಶಿಳ್ಳೆ ಹಾಕಿ ಇಳಿಸುತ್ತಾನೆ. ಅಂಥವರ ಮುಂದೆ ನಿಂತು ಗೆದ್ದವರು ಜಯಮ್ಮ. ಅದೂ ಹೆಣ್ಣಿನ ಪಾತ್ರಕ್ಕೆ ಗಂಡಸರು ಸೀರೆ ಉಡುವುದು ಇನ್ನೂ ನಿಂತಿರದ ದಿನಗಳಲ್ಲಿ. ಕಂಪನಿಯೂ ಅಂತಿಂಥದ್ದಲ್ಲ. 1884ರಲ್ಲಿ ಶುರುವಾದದ್ದು. ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದವರು. ಆನೆ ನೋಡಲು ಬಂದ ಜನರಿಗೆ ಹಾಡು ಕೇಳಿಸಬೇಕಿತ್ತು ಅಂದರೆ ಯೋಚಿಸಿ.

ಇನ್ನು ಆ ಮೂಕಿ ಚಿತ್ರ. ಅದನ್ನು ನಿರ್ದೇಶಿಸಿದ್ದು ರಾಫೆಲ್ ಅಲ್ಗೋಯೆಟ್ ಅನ್ನೋ ಬೆಲ್ಜಿಯಂನವರು. ಹಾಡುವ ನಟಿಗೆ ಸಿಕ್ಕ ಮೊದಲ ಸಿನಿಮಾದಲ್ಲಿ ಹಾಡೂ ಇಲ್ಲ, ಮಾತೂ ಇಲ್ಲ! ಅದೇ 1931ರಲ್ಲಿ ‘ಆಲಂ ಆರಾ’ ಬಂದು ಸಿನಿಮಾಗೆ ಬಾಯಿ ಬಂತು. ಹೆಂಡತಿಯನ್ನು ಸ್ಟಾರ್ ಮಾಡಲೇಬೇಕು ಅಂತಿದ್ದರೆ ವೀರಣ್ಣ ಅಲ್ಲಿಂದ ಮುಂದೆ ಬಂದ ಟಾಕಿಗಳಿಗೆಲ್ಲ ಜಯಮ್ಮನನ್ನೇ ನಾಯಕಿ ಮಾಡಬೇಕಿತ್ತಲ್ಲ? ಮಾಡಲಿಲ್ಲ. 1935ರಲ್ಲಿ ‘ಸದಾರಮೆ’ ಸಿನಿಮಾ ಆಯಿತು. ಅದು ಕಂಪನಿಗೆ ಅನ್ನ ಕೊಟ್ಟ ನಾಟಕ, ವೀರಣ್ಣನವರ ಕಳ್ಳನ ಪಾತ್ರಕ್ಕೆ ಜನ ಸಾಯುತ್ತಿದ್ದರು. ಸಿನಿಮಾದಲ್ಲಿ ಸದಾರಮೆಯಾಗಿದ್ದು ಕೆ. ಅಶ್ವತ್ಥಮ್ಮ. 1942ರ ‘ಜೀವನ ನಾಟಕ’ಕ್ಕೆ ಶಾಂತಾ ಹುಬ್ಳೀಕರ್ ಬಂದರು. ಅವರು ಪುಣೆಯ ಪ್ರಭಾತ್ ಚಿತ್ರಗಳಲ್ಲಿ ಆಗಲೇ ಹೆಸರು ಮಾಡಿದ್ದವರು. ಜಯಮ್ಮ ಆ ಚಿತ್ರದಲ್ಲಿ ಇದ್ದರು, ಆದರೆ ಹೆಸರು ಓಡಿದ್ದು ಶಾಂತಾ ಅವರದು. ಮನೆಯ ಸಿನಿಮಾ ಅಂತೀರಿ, ಆ ಮನೆಯಲ್ಲಿ ಎಲೆ ಮೊದಲು ಹಾಕಿದ್ದು ನೆಂಟರಿಗೆ.

ನೀವು ಬಿಟ್ಟ ಇನ್ನರ್ಧ ಯಾವುದು ಗೊತ್ತಾ? ‘ಸ್ವರ್ಗಸೀಮ’. ಇದೂ 1945ರದ್ದೇ, ತೆಲುಗು. ಮದರಾಸಿನ ವಾಹಿನಿಯವರ ಚಿತ್ರ, ಬಿ.ಎನ್. ರೆಡ್ಡಿ ನಿರ್ದೇಶನ. ಇದರಲ್ಲಿ ನಾಯಕ ನಾಗಯ್ಯ. ಹೆಂಡತಿಯನ್ನು ಬಿಟ್ಟು ನಾಟಕದ ನಟಿಯೊಬ್ಬಳ ಹಿಂದೆ ಹೋಗುವ ಪಾತ್ರ. ಆ ನಟಿಯಾಗಿ ಭಾನುಮತಿ. ಮನೆಯಲ್ಲಿ ಉಳಿಯುವ ಹೆಂಡತಿ ಕಲ್ಯಾಣಿಯಾಗಿ ನಮ್ಮ ಜಯಮ್ಮ. ವಾಹಿನಿಯವರಿಗೆ ಗುಬ್ಬಿ ಮಾಲೀಕರ ಹೆಂಡತಿ ಆದರೆಷ್ಟು, ಬಿಟ್ಟರೆಷ್ಟು? ಅವರ ಹತ್ತಿರ ತೆಲುಗು ನಟಿಯರಿಗೇನು ಬರವಿತ್ತಾ? ಆದರೂ ಕನ್ನಡ ಕಂಪನಿಯಿಂದ ಇವರನ್ನು ಕರೆಸಿಕೊಂಡರು. ಗುಬ್ಬಿಯವರು ತೆಲುಗು, ತಮಿಳು ಸೀಮೆಯಲ್ಲೂ ಕ್ಯಾಂಪ್ ಹಾಕುತ್ತಿದ್ದವರು. ಅಲ್ಲಿನ ಜನ ಇವರನ್ನು ಕಂಡಿದ್ದರು.

ಆ ಚಿತ್ರವನ್ನು ನಾನು ಮೊಮ್ಮಗನ ಫೋನಿನಲ್ಲಿ ನೋಡಿದೆ. ಜನ ಇವತ್ತಿಗೂ ಭಾನುಮತಿಯ ಪಾರಿವಾಳದ ಹಾಡನ್ನೇ ನೆನೆಯುತ್ತಾರೆ. ತಪ್ಪಿಲ್ಲ, ಹಾಡು ಹಾಗಿದೆ. ನನಗೆ ಮಾತ್ರ ಹಿಡಿಸಿದ್ದು ಜಯಮ್ಮ. ಕಂಪನಿ ನಟರು ಕ್ಯಾಮೆರಾ ಮುಂದೆ ಬಂದರೆ ಕೊನೇ ಸಾಲಿಗೆ ಕೇಳಿಸಬೇಕು ಅಂತ ಕೂಗುವುದು, ಕೈ ಬೀಸುವುದು ಜಾಸ್ತಿ. ಅವತ್ತಿನ ಬಹಳ ಚಿತ್ರಗಳಲ್ಲಿ ಅದು ಕಾಣುತ್ತದೆ. ಇವರು ಹಾಗೆ ಮಾಡಿಲ್ಲ. ದನಿ ಇಳಿಸಿಕೊಂಡಿದ್ದಾರೆ. ಅಷ್ಟು ದೊಡ್ಡ ಗಂಟಲಿದ್ದವರು ಅದನ್ನು ಇಷ್ಟು ಸಣ್ಣದು ಮಾಡಿಕೊಂಡರಲ್ಲ, ಅದನ್ನು ಯಾವ ಗಂಡನೂ ಕೊಡಿಸುವುದಕ್ಕೆ ಆಗುವುದಿಲ್ಲ.

ಬೆಣ್ಣೆದೋಸೆ

ಮಾಸ್ತರೇ, ಕೈ ಮುಗಿದೆ. ನಮ್ಮೂರಲ್ಲೇ ಚಿಂದೋಡಿ ಲೀಲಾ ಅವರಿಗೂ “ಅಪ್ಪನ ಕಂಪನಿ” ಅನ್ನೋ ಮಾತು ಬಂದೇ ಇರುತ್ತದೆ ಬಿಡಿ. ಕೆ.ಬಿ.ಆರ್. ಡ್ರಾಮಾ ಕಂಪನಿ ಮನೆತನದ್ದೇ ತಾನೇ. ಹಾಗಂತ 1988ರ ಪದ್ಮಶ್ರೀ ಅಪ್ಪ ಕೊಡಿಸಿದ್ದಾ? ಗಂಡು ನಟರಿಗೆ ಮಾತ್ರ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಅಪ್ಪನ ಕಂಪನಿಯಲ್ಲಿ ಬೆಳೆದ ಗಂಡಸರನ್ನು “ರಂಗಭೂಮಿಯ ಕುಡಿ” ಅಂತಾರೆ!

ದುರ್ಗದ ಬಂಡೆ

‘ಸ್ವರ್ಗಸೀಮ’ ವಿಷಯ ಒಪ್ಪಿದೆ ಮಾಸ್ತರೇ. ಆದರೂ ಒಂದು ಮಾತು. ಹೊರಗಿನವರ ಚಿತ್ರದಲ್ಲಿ ಅಷ್ಟು ಚೆನ್ನಾಗಿ ಮಾಡಿದ ಮೇಲೆ ಮದರಾಸಿನಲ್ಲೇ ನಿಲ್ಲಬಹುದಿತ್ತಲ್ಲ? ಕಂಪನಿ ಅವರನ್ನು ಬೆಳೆಸಿದ ಹಾಗೇ ಕಟ್ಟಿಯೂ ಹಾಕಿರಬಹುದು.

ಪೆಟ್ಟಿಗೆ ಮಾಸ್ತರ್

ಇರಬಹುದು. ಇದಕ್ಕೆ ನಾನು ಜಗಳ ಆಡುವುದಿಲ್ಲ. ಕಂಪನಿ ಅಂದರೆ ನೂರಾರು ಜನರ ಊಟ. ಮುಖ್ಯ ನಟಿ ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂತರೆ ಇಲ್ಲಿ ಗಲ್ಲಾಪೆಟ್ಟಿಗೆ ಖಾಲಿ.

ಹರಿಹರದ ತಂಗೀ, ಹತ್ತು ನಿಮಿಷದಲ್ಲಿ ಪಟ್ಟಿ ಓದಬೇಡಿ. ‘ಸದಾರಮೆ’ಯಲ್ಲಿ ಯಾರಿದ್ದರು, ‘ಸ್ವರ್ಗಸೀಮ’ಕ್ಕೆ ಯಾರು ಕರೆದರು, ಈ ಎರಡು ಹೇಳಿ. ಎರಡು ನಿಮಿಷ ಕಲ್ಯಾಣಿಯ ದೃಶ್ಯ ತೋರಿಸಿ. ತೆಲುಗು ಅಂತ ಯೋಚನೆ ಬೇಡ, ನಮ್ಮ ಕಡೆ ಅರ್ಧ ಜನಕ್ಕೆ ಅರ್ಥ ಆಗುತ್ತದೆ. ಒಳ್ಳೇ ಸ್ಪೀಕರ್ ತರಿಸಿ, ಹಳೇ ಪ್ರಿಂಟಿನ ದನಿ ಲ್ಯಾಪ್‌ಟಾಪಿನಲ್ಲಿ ಏನೂ ಕೇಳುವುದಿಲ್ಲ.

ಹರಿಹರದ ಸೊಸೆ

ಆಯ್ತು ಮಾಸ್ತರೇ, ಹಾಗೇ ಮಾಡುತ್ತೇನೆ. ಸ್ಪೀಕರಿಗೆ ಶಾಮಿಯಾನದವರಿಗೇ ಹೇಳಿದ್ದೇನೆ. ಆ ಹಿರಿಯರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ.