ಬಾಣಂತಿಯ ಮಿದುಳಿನಲ್ಲಿ ಕ್ಲಾಟ್: ಈಗಲೇ ತೆಗೆಸಬೇಕೇ?

ಪ್ರಶ್ನೆ (ಹಾವೇರಿ): ಹೆರಿಗೆಯಾಗಿ 16 ದಿನಗಳಾಗಿರುವ ನನ್ನ ತಂಗಿಗೆ ಬಿಡದೆ ತಲೆನೋವಿತ್ತು, ನಿನ್ನೆ ಫಿಟ್ಸ್ ಬಂದದ್ದರಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದೇವೆ. ಮಿದುಳಿನಿಂದ ರಕ್ತ ಹಿಂತಿರುಗುವ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದೆ, ಸ್ವಲ್ಪ ರಕ್ತಸ್ರಾವವೂ ಇದೆ ಎಂದು ಹೇಳಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿ ಆರಂಭಿಸಿದ್ದಾರೆ. ಬಿಗಡಾಯಿಸಿದರೆ ರಕ್ತನಾಳದೊಳಗೆ ಕ್ಯಾಥೆಟರ್ (ತೆಳು ಕೊಳವೆ) ಹಾಕಿ ಕ್ಲಾಟ್ (ಹೆಪ್ಪು) ತೆಗೆಯಬೇಕಾದೀತು ಎನ್ನುತ್ತಾರೆ. ಕಾಯದೆ ಈಗಲೇ ತೆಗೆಸುವುದು ಒಳ್ಳೆಯದಲ್ಲವೇ? ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಉತ್ತರ (ಗದಗ): ಎರಡು ವರ್ಷಗಳ ಹಿಂದೆ ನನ್ನ ಹೆಂಡತಿಗೂ ಇದೇ ಆಗಿತ್ತು, ನಾನೂ ಇದನ್ನೇ ಕೇಳಿ ವೈದ್ಯರನ್ನು ಕಾಡಿದ್ದೆ. ಲಕ್ವಾ ಹೊಡೆದವರಿಗೆ ಗಂಟೆಗಳ ಲೆಕ್ಕದಲ್ಲಿ ಕ್ಲಾಟ್ ತೆಗೆಯುವುದನ್ನು ಕೇಳಿದ್ದ ನನಗೆ, ಇಲ್ಲಿ ಏಕೆ ಕಾಯುತ್ತಾರೆಂದು ತಿಳಿಯುತ್ತಿರಲಿಲ್ಲ. ಅವರು ವರದಿಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದರು: ಲಕ್ವಾದಲ್ಲಿ ಕಟ್ಟುವುದು ಹೊಲಕ್ಕೆ ನೀರು ತರುವ ಕಾಲುವೆ, ಇದರಲ್ಲಿ ಕಟ್ಟುವುದು ಬಸಿಗಾಲುವೆ, ನೀರು ಹೊರಹೋಗದೆ ಹೊಲ ಜವುಳಾದಂತೆ ಮಿದುಳು ಊದಿಕೊಳ್ಳುತ್ತದೆ, ಆ ಒತ್ತಡಕ್ಕೇ ರಕ್ತ ಜಿನುಗುತ್ತದೆ. ಆದ್ದರಿಂದಲೇ ರಕ್ತಸ್ರಾವವಿದ್ದರೂ ಹೆಪಾರಿನ್ ಕೊಡುತ್ತಾರೆ, ಬಹಳ ಜನ ಅದರಿಂದಲೇ ಚೇತರಿಸಿಕೊಳ್ಳುತ್ತಾರೆ.

ಎರಡನೆಯ ರಾತ್ರಿ ಅವಳಿಗೆ ಮಂಪರು ಹೆಚ್ಚಿ, ನರ್ಸ್ ಹೇಳಿದಾಗ ಬಲಗೈ ಎತ್ತಲಾಗಲಿಲ್ಲ. ಆಗ ತೊಡೆಸಂದಿನ ಅಭಿಧಮನಿಯಿಂದ ಕ್ಯಾಥೆಟರ್ ಏರಿಸಿ, ಕುತ್ತಿಗೆಯ ಮೂಲಕ ತಲೆಯೊಳಗೆ ಒಯ್ದು, ಕ್ಲಾಟನ್ನು ಹೀರಿ ತೆಗೆದರು. ಬಿಳಿ ಗಾಜ್ ಬಟ್ಟೆಯ ಮೇಲೆ ಹಳೆಯ ಹುಣಸೆಹಣ್ಣಿನ ಎಳೆಗಳಂತಿದ್ದ ಅದನ್ನು ನನಗೆ ತೋರಿಸಿದರು. ಎಲ್ಲವೂ ಬರಲಿಲ್ಲ, ಹರಿಯಲು ದಾರಿಯಾಯಿತು ಅಷ್ಟೇ, ಹೆಪಾರಿನ್ ಮುಂದುವರಿಯಿತು. ಅವಳು ಉಳಿದದ್ದು ಕ್ಯಾಥೆಟರಿನಿಂದಲೋ ಔಷಧಿಯಿಂದಲೋ ಎಂದು ಈಗಲೂ ನಾನು ಹೇಳಲಾರೆ. ಈ ಕಾಯಿಲೆಗೆ ಎರಡೂ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ, 2020ರಲ್ಲಿ ಪ್ರಕಟವಾದ ಟಿಒ-ಆಕ್ಟ್ ಎಂಬ ಪ್ರಯೋಗದಲ್ಲಿ ತೀವ್ರ ಸ್ಥಿತಿಯ 67 ರೋಗಿಗಳಿದ್ದರು. ವರ್ಷದ ನಂತರ ಚೆನ್ನಾಗಿದ್ದವರು ಕ್ಯಾಥೆಟರ್ ಗುಂಪಿನಲ್ಲಿ ಶೇಕಡಾ 67, ಔಷಧಿ ಮಾತ್ರ ಪಡೆದವರಲ್ಲಿ ಶೇಕಡಾ 68. ಹೆಚ್ಚಿನ ಲಾಭ ಕಾಣದೆ ಅದನ್ನು ನಡುವೆಯೇ ನಿಲ್ಲಿಸಿದರು. ಹೀಗಾಗಿ ತಂಗಿ ಎಚ್ಚರವಾಗಿ ಮಾತನಾಡುತ್ತಿದ್ದರೆ ಒತ್ತಾಯಿಸಬೇಡಿರಿ. ಹೆಪಾರಿನ್ ನಡೆದಿರುವಾಗಲೇ ಮಂಪರು, ಬಲಹೀನತೆ ಹೆಚ್ಚಿದರೆ ಏನು ಮಾಡುವಿರಿ, ಬಾವು ಮಿದುಳನ್ನು ಒತ್ತಿದರೆ ತಲೆಬುರುಡೆ ತೆರೆಯುವ ಶಸ್ತ್ರಚಿಕಿತ್ಸೆಗೆ ನ್ಯೂರೋಸರ್ಜನ್ ರಾತ್ರಿಯೂ ಸಿಗುತ್ತಾರೆಯೇ ಎಂದು ಇಂದೇ ಕೇಳಿರಿ.

ಉತ್ತರ (ಧಾರವಾಡ): ನಮ್ಮ ನಾದಿನಿಗೆ ಕ್ಯಾಥೆಟರ್ ಬೇಕಾಗಲಿಲ್ಲ. ಹೊಟ್ಟೆ ಬರುತ್ತದೆಂದು ಹಿರಿಯರು ಬಾಣಂತಿಗೆ ನೀರನ್ನೇ ಕೊಟ್ಟಿರಲಿಲ್ಲ. ದೇಹದಲ್ಲಿ ನೀರು ಕಡಿಮೆಯಾಗುವುದೂ ಇದಕ್ಕೊಂದು ಕಾರಣವೆಂದು ವೈದ್ಯರು ಬೈದರು. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ಕೊಟ್ಟು, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಐಎನ್‌ಆರ್ 2ರಿಂದ 3ರೊಳಗೆ ಇರುವಂತೆ ನೋಡಿಕೊಂಡೆವು. ಅದನ್ನು ನುಂಗುತ್ತಲೇ ಮಗುವಿಗೆ ಹಾಲೂಡಿಸಿದಳು. ಮತ್ತೆ ಹೆಪ್ಪುಗಟ್ಟಬಹುದೆಂದು, ಹಬ್ಬ, ಮದುವೆಗಳಿಗೆಂದು ಮುಟ್ಟು ಮುಂದೂಡುವ ಹಾರ್ಮೋನ್ ಮಾತ್ರೆ ಅವಳಿಗೆ ಕೂಡದು ಎಂದು ಔಷಧಿ ಡಬ್ಬಿಯ ಮುಚ್ಚಳದ ಮೇಲೆ ಬರೆದು ಅಂಟಿಸಿದ್ದೇವೆ.